ಸದ್ದಿಲ್ಲದ ಕೈಗಳು

ಚಿಕ್ಕಮ್ಮ ಒದ್ದೆ ಬಟ್ಟೆಯಿಂದ ತೀರಿಹೋದ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. “ಒರೆಸೋಕೆ ಏನಿದೆ ಇಲ್ಲಿ? ಜೀವಮಾನವೆಲ್ಲ ತೊಳೆದದ್ದೇ ತೊಳೆದದ್ದು” ಎಂದು ಗೊಣಗಿ, ಬಾಗಿಲ ಬಳಿ ನಿಂತಿದ್ದ ಅಕ್ಕನ ಮಗಳ ಕಡೆ ತಿರುಗಿದಳು. “ಇನ್ನೇನು ಗಾಡಿ ಬರುತ್ತೆ. ಒಂದ್ಸಲ ಅಮ್ಮನ ಕೈ ಹಿಡ್ಕೊಳ್ಳೇ.”

“ಇರಲಿ ಬಿಡು ಚಿಕ್ಕಮ್ಮ.”

ಅವಳು ಬಾಗಿಲ ಬಳಿಯೇ ನಿಂತಳು. ಆ ಕೈಗಳನ್ನು ಮುಟ್ಟುವ ರೂಢಿ ಎಂದೋ ತಪ್ಪಿಹೋಗಿತ್ತು.

*

ಅಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತಾಗಿ ಕೂರುವ, ಎಲ್ಲರ ಬಾಯಲ್ಲಿ ಸೋಮಾರಿ ಎನಿಸಿಕೊಂಡ ಮಕ್ಕಳ ಸ್ನಾಯುವಿನ ಚೂರು ಅವಳ ಮೇಜಿಗೆ ಬರುತ್ತಿತ್ತು. ಅದಕ್ಕೆ ಒಂದಿಷ್ಟೇ ವಿಕಿರಣ ಬೆರೆತ ಸಕ್ಕರೆ ಉಣಿಸಿ, ಅದು ಬಿಟ್ಟ ಉಸಿರನ್ನು ಕಾಗದದ ತುಂಡಿನಲ್ಲಿ ಹಿಡಿದು ಅಳೆಯುವುದು ಅವಳ ಕೆಲಸ. ಉಸಿರಿನಲ್ಲಿ ವಿಕಿರಣ ಕಡಿಮೆ ಬಂದರೆ, ತಿಂದದ್ದನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯದಲ್ಲೇ ದೋಷ. “ಪಾಪ, ಮಗು ಸೋಮಾರಿಯಲ್ಲ, ಒಳಗೆ ಒಲೆಯೇ ಹತ್ತುತ್ತಿಲ್ಲ” ಎನ್ನುತ್ತಿದ್ದಳು.

ಸಂಜೆ ಅವಳು ಬಂದರೆ ಮಗಳು ಎದ್ದುಬಿದ್ದು ಓಡುವಳು. ಅಮ್ಮ ಎರಡೂ ಕೈ ಮೇಲೆತ್ತಿ, “ತಡಿ ಪುಟ್ಟಿ, ಇನ್ನೊಂದ್ಸಲ ತೊಳ್ಕೊಂಡು ಬರ್ತೀನಿ” ಎಂದು ಬಚ್ಚಲಿಗೆ ಹೋಗುವಳು. ಎಷ್ಟು ದಿನ ಅಂತ ಕಾಯುವುದು? ಮಗಳು ಓಡುವುದನ್ನೇ ಬಿಟ್ಟಳು. ನಿವೃತ್ತಿಯಾದ ಮೇಲೆ ಅಮ್ಮ ಕೈ ಚಾಚಿದಾಗ, “ಊಟ ಆಯ್ತಾ?” ಎಂದು ಪಕ್ಕದಿಂದ ಹಾದುಹೋಗುವಷ್ಟು ಬೆಳೆದುಬಿಟ್ಟಿದ್ದಳು.

*

ಅಮ್ಮನ ಜೊತೆ ಕೆಲಸ ಮಾಡಿದ್ದ ಮುದುಕರೊಬ್ಬರು ಬಂದು ಆ ಕೈಗಳನ್ನೇ ನೋಡುತ್ತ ನಿಂತರು.

“ಕೆಲಸ ಮುಗಿದ ಮೇಲೆ ವಿಕಿರಣ ಹಿಡಿಯೋ ಯಂತ್ರಕ್ಕೆ ಕೈ ತೋರಿಸ್ಬೇಕಿತ್ತು ಕಣಮ್ಮ. ಟಿಕ್ ಟಿಕ್ ಜೋರಾದ್ರೆ ಮತ್ತೆ ತೊಳ್ಕೋಬೇಕು. ನಾವೆಲ್ಲ ಒಂದ್ಸಲ ತೋರಿಸಿ ಮನೆಗೆ ಓಟ. ನಿಮ್ಮಮ್ಮ ಮಾತ್ರ ಅಂಗೈ, ಕೈಯ ಹಿಂಭಾಗ, ಬೆರಳ ಸಂದಿ, ಮತ್ತೆ ಅಂಗೈ. ‘ಯಂತ್ರ ಸವೆದುಹೋಗುತ್ತೆ, ಹೊರಡಿ ತಾಯಿ’ ಅಂತ ರೇಗಿಸ್ತಿದ್ದೆ. ‘ಮಗಳು ಬಾಗಿಲಿಗೇ ಓಡಿ ಬರ್ತಾಳೆ, ಎತ್ಕೋಬೇಕು’ ಅನ್ನೋರು.”

ಮಗಳು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ನಾನು ದೊಡ್ಡವಳಾದ ಮೇಲೂ ಹಾಗೇ ಅಂತಿದ್ಲಾ?”

“ನಿವೃತ್ತಿ ಆದ ದಿನವೂ ಅದೇ ಮಾತು.”

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮಗಳು ಹೋಗಿ ಅಮ್ಮನ ಪಕ್ಕ ಕುಳಿತಳು. ಬಲಗೈ ಎತ್ತಿಕೊಂಡು ಅಂಗೈ ನೋಡಿದಳು, ತಿರುಗಿಸಿದಳು, ಬೆರಳುಗಳ ಸಂದಿ ನೋಡಿದಳು.

“ಏನೂ ಸದ್ದಿಲ್ಲಮ್ಮ” ಎಂದಳು.

ಆಮೇಲೆ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಚಿಕ್ಕಮ್ಮ ಒರೆಸಿದ ನೀರಿನ ಪಸೆ ಇನ್ನೂ ಆರಿರಲಿಲ್ಲ.