ಒಂದು ಮೈಕು, ಎರಡು ಸೆರಗು

ಲೋಕದಲ್ಲಿ ಎಷ್ಟೋ ರಾಜ್ಯಗಳು ಹುಟ್ಟಿ ಅಳಿದಿವೆ, ನದಿಗಳು ದಾರಿ ಬದಲಿಸಿವೆ. ಆದರೆ ಜಗಳೂರಿನ ತಿಪ್ಪೇಶಪ್ಪನ ಮನೆಯ ಪಡಸಾಲೆಯಲ್ಲಿ ಈಚೆಗೆ ಎದ್ದ ಪ್ರಶ್ನೆ ಅವೆಲ್ಲಕ್ಕಿಂತ ಗಂಭೀರವಾದದ್ದೆಂದು ಆ ಮನೆಯ ಇಬ್ಬರು ಸೊಸೆಯಂದಿರೂ ಒಪ್ಪುತ್ತಾರೆ. ಅವರಿಬ್ಬರೂ ಕೂಡಿ ಒಪ್ಪಿದ ಸಂಗತಿ ಬಹುಶಃ ಅದೊಂದೇ. ಪ್ರಶ್ನೆ ಇಷ್ಟು: ಶೇಂಗಾ ಬೀಜದಷ್ಟು ದಪ್ಪದ ಒಂದು ಮೈಕನ್ನು ಯಾರ ಸೆರಗಿಗೆ ಸಿಕ್ಕಿಸಬೇಕು?

ಹಿರಿಯ ಸೊಸೆ ಉಚ್ಚಂಗೆಮ್ಮ, ತಿಪ್ಪೇಶಪ್ಪನ ಹೆಂಡತಿ. ಕಿರಿಯವಳು ಲಕ್ಷ್ಮಿದೇವಿ, ಅವನ ತಮ್ಮನ ಹೆಂಡತಿ. ಈ ವಾರಗಿತ್ತಿಯರು ಸೋಬಾನೆ ಪದ ಹಾಡುವ ಜೋಡಿ. ಮದುವೆಯಿರಲಿ ಸೀಮಂತವಿರಲಿ, ಸುತ್ತಲ ಹಳ್ಳಿಯವರು ಇವರನ್ನು ಕರೆಯದೆ ಆರತಿ ಎತ್ತುವುದಿಲ್ಲ. ಉಚ್ಚಂಗೆಮ್ಮ ಮುಂದೆ ಕೂತು ಸಾಲು ಎತ್ತುತ್ತಾಳೆ. ಲಕ್ಷ್ಮಿದೇವಿ ಅವಳ ಎಡಭುಜದ ಹಿಂದೆ, ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಕೂತು, ಅದೇ ಸಾಲನ್ನು ಮರಳಿ ಹಾಡಿ ಕೊನೆಯಲ್ಲಿ ‘ಸೋ’ ಎಂದು ಎಳೆಯುತ್ತಾಳೆ. ಮುಂದಿನವಳು ‘ಸೋ’ ಅನ್ನುವಂತಿಲ್ಲ, ಹಿಂದಿನವಳು ಸಾಲು ಎತ್ತುವಂತಿಲ್ಲ. ಅದು ಕಟ್ಟಳೆ.

ಕಟ್ಟಳೆಯ ಬಗ್ಗೆ ಲಕ್ಷ್ಮಿದೇವಿಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಜನರ ಕಿವಿಯ ಬಗ್ಗೆ. ಹಾಡು ಮುಗಿದ ಮೇಲೆ ಎಲ್ಲರೂ “ಉಚ್ಚಂಗೆಮ್ಮನ ಹಾಡು ಕೇಳಿ ಕಿವಿ ತಂಪಾತು ಬಿಡವ್ವ” ಎನ್ನುತ್ತಿದ್ದರು. ಮಡಿಲಕ್ಕಿಯ ಜತೆ ಮುಂದೆ ಕೂತವಳಿಗೆ ಜರಿಯಂಚಿನ ರವಿಕೆ ಕಣ ಬೀಳುತ್ತಿತ್ತು, ಹಿಂದೆ ಕೂತವಳಿಗೆ ಅಸ್ತರಿಗಷ್ಟೇ ಆಗುವಂಥದ್ದು. ಲಕ್ಷ್ಮಿದೇವಿಯ ಪೆಟ್ಟಿಗೆಯಲ್ಲಿ ಅಂಥ ಕಣಗಳು ತುಂಬಿ, ಈಗ ಅವು ದಿಂಬಿನೊಳಕ್ಕೆ ಹೋಗುತ್ತಿವೆ. ಅವಳ ತಲೆಯೂ ದಿನಾ ಅದರ ಮೇಲೆಯೇ ಒರಗುತ್ತದೆ; ನಿದ್ದೆ ಹೇಗೆ ಬಂದೀತು?

ಮೈಕು ತಂದವಳು ರೂಪಶ್ರೀ. ಹೊನ್ನಾಳಿಯವಳು, ನ್ಯಾಮತಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಚನ್ನಗಿರಿಯಲ್ಲಿ ಜಾನಪದ ಗೋಷ್ಠಿಯೊಂದು ನಡೆಯುವುದಿತ್ತು. ಅಲ್ಲಿ ಹಾಡುವವರನ್ನು ಹೆಸರು, ಊರು, ಶಿಫಾರಸು ಯಾವುದನ್ನೂ ನೋಡದೆ ಬರೀ ದನಿ ಕೇಳಿ ಆರಿಸುವುದೆಂದು ಸಮಿತಿ ತೀರ್ಮಾನಿಸಿತ್ತು. ಆರಿಸುವುದು ಒಬ್ಬರನ್ನೇ. ಈ ಜೋಡಿಯ ಹಾಡನ್ನು ರೆಕಾರ್ಡು ಮಾಡಿ ಕಳಿಸಲೆಂದು ರೂಪಶ್ರೀ ಅಂಗೈಯಗಲದ ಒಂದು ರೆಕಾರ್ಡರನ್ನೂ, ಬಟ್ಟೆಗೆ ಸಿಕ್ಕಿಸುವ ಒಳ್ಳೆಯ ಮೈಕೊಂದನ್ನೂ ತರಿಸಿಕೊಂಡು, ಎರಡು ಬಸ್ಸು ಬದಲಿಸಿ ಜಗಳೂರಿಗೆ ಬಂದಳು.

“ಒಂದೇ ಮೈಕಾ ಮೇಡಂ?” ಎಂದು ಲಕ್ಷ್ಮಿದೇವಿ ಕೇಳಿದಳು.

“ಒಂದೇ ಚಿಕ್ಕಮ್ಮ. ಸಾದಾದ್ದು ಎರಡು ಬರ್ತಿದ್ವು. ಒಳ್ಳೇದಿರ್ಲಿ ಅಂತ ಒಂದೇ ತಗೊಂಡೆ.”

“ಬಿಡ್ರಿ. ಈ ಮನೆಯಾಗೆ ಒಳ್ಳೇದು ಯಾವತ್ತೂ ಒಂದೇ ಬರ್ತೈತೆ. ಅದು ಎಲ್ಲಿಗೆ ಹೋಗ್ತೈತೆ ಅಂಬೋದೂ ನಮಗೆ ಗೊತ್ತೈತೆ.”

ಅದು ಹೋದದ್ದು ಉಚ್ಚಂಗೆಮ್ಮನ ಕಡೆಗೇ. ಮೈಕಿನ ವೈರನ್ನು ರೆಕಾರ್ಡರಿನ ತೂತಿಗೆ ಚುಚ್ಚಿ, ರೂಪಶ್ರೀ ಕೆಂಪು ಗುಂಡಿ ಒತ್ತಿದಳು. ಉಚ್ಚಂಗೆಮ್ಮ ಗಂಟಲು ಸರಿಮಾಡಿಕೊಂಡು ಸಾಲು ಎತ್ತಿದಳು. ಪರದೆಯ ಮೇಲೆ ದನಿಗೆ ತಕ್ಕಂತೆ ಏಳಬೇಕಾದ ಗೆರೆಗಳು ಏಳಲಿಲ್ಲ. ರೂಪಶ್ರೀ ವೈರಿನ ಪಿನ್ನು ತೆಗೆದು ಮತ್ತೆ ಚುಚ್ಚಿದಳು. ಉಚ್ಚಂಗೆಮ್ಮ ಇನ್ನೂ ಜೋರಾಗಿ ಹಾಡಿದಳು. ಕೊಟ್ಟಿಗೆಯಲ್ಲಿದ್ದ ಕುರಿಗಳು ಕಿವಿ ನಿಮಿರಿಸಿದವು, ಗೆರೆಗಳು ಮಾತ್ರ ಮಲಗಿಯೇ ಇದ್ದವು.

“ಅಕ್ಕನ ದನಿ ಮಿಷಿನ್ನಿಗೆ ಹಿಡಿಸ್ಲಿಲ್ಲ ಅಂತ ಕಾಣ್ತೈತೆ,” ಎಂದು ಲಕ್ಷ್ಮಿದೇವಿ ಬಲು ವಿನಯದಿಂದ ಹೇಳಿದಳು. “ನಾನೊಂದು ಸಾಲು ಹಾಡಿ ನೋಡ್ಲಾ?”

“ನೀನು ಹಾಡಿದ್ರೆ ಸುಟ್ಟೇ ಹೋದೀತು, ಸುಮ್ನಿರು,” ಎಂದಳು ಉಚ್ಚಂಗೆಮ್ಮ.

ಆ ದಿನ ರೂಪಶ್ರೀ ಮಂಡಕ್ಕಿ ತಿಂದು, ಚಾ ಕುಡಿದು, ಬರಿಗೈಯಲ್ಲಿ ವಾಪಸಾದಳು. ಬಸ್ಸಿನಲ್ಲಿ ಕೂತು ಡಬ್ಬಿಯೊಳಗಿನ ಸಣ್ಣಕ್ಷರದ ಪುಸ್ತಿಕೆಯನ್ನು ಮೊದಲ ಸಲ ಓದಿದಳು. ಒಂದು ತಪ್ಪಲ್ಲ, ಎರಡಾಗಿದ್ದವು. ಮೈಕಿನ ಪಿನ್ನು ಫೋನಿಗೆಂದು ಮಾಡಿದ್ದು, ಅದರ ಮೇಲೆ ಮೂರು ಕರಿ ಗೆರೆ. ರೆಕಾರ್ಡರಿಗೆ ಬೇಕಾದದ್ದು ಎರಡು ಗೆರೆಯದು. ನಡುವೆ ಒಂದು ಕನ್ವರ್ಟರು ಬೇಕು. ಎರಡನೆಯದು, ಇಂಥ ಮೈಕಿಗೆ ರೆಕಾರ್ಡರೇ ಚೂರು ಕರೆಂಟು ಕೊಡಬೇಕು. ಆ ಸ್ವಿಚ್ಚು ಮೆನುವಿನೊಳಗೆ ಅಡಗಿದೆ, ಯಾರೂ ಒತ್ತದಿದ್ದರೆ ಅದಾಗಿಯೇ ಹೊತ್ತುವುದಿಲ್ಲ. ಒಳ್ಳೆಯ ಮೈಕಿಗೂ ಯಾರಾದರೂ ಹಿಂದೆ ನಿಂತು ಕಸುವು ಕೊಡಬೇಕು.

ನ್ಯಾಮತಿಯಲ್ಲಿ ಅರ್ಫಾತನ ಮೊಬೈಲ್ ಅಂಗಡಿಯಲ್ಲಿ ಕನ್ವರ್ಟರು ಸಿಕ್ಕಿತು. ಅರ್ಫಾತ್ ಅದನ್ನು ಕೊಡುವ ಮೊದಲು, “ಇದ್ಯಾಕ್ರೀ ಮೇಡಂ ಇಷ್ಟು ತಾಪತ್ರಯ? ಕರೋಕೆ ಮೈಕ್ ತಗೊಂಡೋಗ್ರಿ. ಹಾಡು ಹೆಂಗಾರ ಇರ್ಲಿ, ಲೈಟ್ ಚೆನ್ನಾಗಿ ಬರ್ತೈತೆ,” ಎಂದು ಬುದ್ಧಿ ಹೇಳಿದ.

ಎರಡನೆಯ ಸಲ ಗೆರೆಗಳು ಎದ್ದವು. ಪಿನ್ನು ಸೇರಿ, ಸ್ವಿಚ್ಚು ಒತ್ತಿದ್ದೇ ತಡ, ಪಡಸಾಲೆಯಲ್ಲಿ ತಿಪ್ಪೇಶಪ್ಪ ಕೆಮ್ಮಿದ್ದಕ್ಕೇ ಅವು ಕುಣಿದುಬಿಟ್ಟವು. “ನನ್ನೂ ಕರೀತಾರೇನು ಚನ್ನಗಿರಿಗೆ?” ಎಂದು ಅವನು ಕೇಳಿದ.

ಈಗ ಮೈಕನ್ನು ಸಿಕ್ಕಿಸುವ ಕೆಲಸ. ರೂಪಶ್ರೀ ಅದನ್ನು ಉಚ್ಚಂಗೆಮ್ಮನ ರವಿಕೆಯ ಕುತ್ತಿಗೆಯ ಹತ್ತಿರ ಸಿಕ್ಕಿಸಿದಳು. ತಾಳಿಯ ಗುಂಡು ಬಡಿದು ಗೆರೆಗಳು ಬೆಚ್ಚಿಬಿದ್ದವು.

“ತಾಳಿ ತೆಗಿಯಾಕೆ ಆಗಂಗಿಲ್ಲ, ನಾನಿನ್ನೂ ಬದುಕಿದೀನಿ,” ಎಂದ ತಿಪ್ಪೇಶಪ್ಪ.

ಉಚ್ಚಂಗೆಮ್ಮ ತಾನೇ ಮೈಕನ್ನು ಕಿತ್ತುಕೊಂಡಳು. ಬೆನ್ನಿನಿಂದ ಬಲಭುಜದ ಮೇಲೆ ಮುಂದಕ್ಕೆ ತಂದುಕೊಂಡಿದ್ದ ಸೆರಗಿನ ತುದಿಯಲ್ಲಿ, ಜರಿ ಹೂವಿನ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ಅದನ್ನು ಕಚ್ಚಿಸಿದಳು. ಆಮೇಲೆ ಅದನ್ನೊಮ್ಮೆ ಸವರಿ, ವಾರಗಿತ್ತಿಯ ಕಡೆ ನೋಡಿದಳು.

ರೂಪಶ್ರೀ ಇಯರ್‌ಫೋನನ್ನು ಕಿವಿಗೆ ತೂರಿಸಿಕೊಂಡಳು. ಧ್ವನಿಮುದ್ರಣ ಮಾಡುವಾಗ ಅದರಲ್ಲಿ ಕೇಳುತ್ತಿರಬೇಕೆಂದು ಪುಸ್ತಿಕೆಯಲ್ಲಿ ಬರೆದಿತ್ತು. ಉಚ್ಚಂಗೆಮ್ಮನ ಮುಖ ಕಪ್ಪಿಟ್ಟಿತು.

“ಏನವ್ವ, ನಾವು ಹಾಡಾಕೆ ಕುಂತ್ರೆ ನೀನು ಕಿವಿ ಮುಚ್ಕಂತೀಯಾ? ಅಷ್ಟು ಕೆಟ್ಟದಾಗೈತಾ?”

ರೂಪಶ್ರೀ ಹೌಹಾರಿ ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿದಳು. ಎದುರಿಗೆ ಕೂತ ಹಿರಿಯರ ಹಾಡಿಗೆ ಕಿವಿ ಮುಚ್ಚಬಾರದೆಂಬುದನ್ನು ಆ ಪುಸ್ತಿಕೆ ಬರೆದವರು ಯೋಚಿಸಿರಲಾರರು.

ಹಾಡು ಮನೆದೇವರ ನುಡಿಯಿಂದ ಶುರುವಾಯಿತು. ಮನೆದೇವರ ಹೆಸರು ಬಂದೊಡನೆ ಮುಂದೆ ಹಾಡುವವಳು ಸೆರಗನ್ನು ತಲೆಯ ಮೇಲೆ ಹೊದ್ದು, ತುದಿಯನ್ನು ಎಡಭುಜದ ಮೇಲಿಂದ ಹಿಂದಕ್ಕೆ ಎಸೆದುಕೊಳ್ಳಬೇಕು. ಹಾಡು ಮುಗಿಯುವವರೆಗೂ ಅದು ಹಾಗೇ ಇರಬೇಕು. ಉಚ್ಚಂಗೆಮ್ಮ ಭಕ್ತಿಯಿಂದ ಹೊದ್ದಳು, ಠೀವಿಯಿಂದ ಎಸೆದಳು. ಜರಿಯೂ ಮೈಕೂ ಕೂಡಿ ಹಾರಿ, ಲಕ್ಷ್ಮಿದೇವಿಯ ಗಲ್ಲದ ಕೆಳಗೆ, ಬಾಯಿಂದ ಒಂದು ಗೇಣು ದೂರದಲ್ಲಿ ನೇತಾಡತೊಡಗಿದವು. ರೂಪಶ್ರೀ ಪರದೆ ನೋಡುತ್ತಿದ್ದಳು. ಗೆರೆಗಳು ಕುಣಿಯುತ್ತಿದ್ದವು. ಎಲ್ಲವೂ ಸರಿಯಾಗಿದೆ ಎಂದುಕೊಂಡಳು.

ಲಕ್ಷ್ಮಿದೇವಿಯ ಕಣ್ಣು ಮೈಕಿನ ಮೇಲಿರಲಿಲ್ಲ, ಅಕ್ಕನ ಬೆನ್ನಿನ ಮೇಲಿತ್ತು. ಇಷ್ಟು ವರ್ಷ ನೋಡಿ ನೋಡಿ ಆ ಬೆನ್ನಿನ ಮೇಲಿನ ಮಚ್ಚೆಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಈ ಬೆನ್ನು ಈಗ ಚನ್ನಗಿರಿಗೂ ಹೋಗುತ್ತದೆ. ತಾನು ಮನೆಯಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸಬೇಕು. ಹೊಟ್ಟೆಯಲ್ಲಿ ಎದ್ದ ಉರಿ ನೇರ ಗಂಟಲಿಗೆ ಬಂತು. ಅಕ್ಕ ಎತ್ತಿದ ಪ್ರತಿ ಸಾಲನ್ನೂ ಅವಳು ಕಸಿದುಕೊಂಡಂತೆ ಹಾಡಿದಳು. ‘ಸೋ’ ಎಂದು ಎಳೆದರೆ ಅದು ಜಂತಿಯವರೆಗೆ ಏರಿ, ಅಲ್ಲೊಂದು ಗಳಿಗೆ ನಿಂತು, ನಿಧಾನಕ್ಕೆ ಇಳಿಯುತ್ತಿತ್ತು. ಕರುಬು ಒಳ್ಳೆಯ ಗುಣವಲ್ಲ ಎನ್ನುತ್ತಾರೆ. ದನಿಗೆ ಅದರಿಂದ ಕೆಟ್ಟದ್ದಾದಂತೆ ಕಾಣಲಿಲ್ಲ.

ಹೊನ್ನಾಳಿಗೆ ಹೋಗಿ ರೂಪಶ್ರೀ ಅದನ್ನು ಹಾಕಿ ಕೇಳಿದಳು. ಮುಂದೆ ಹಾಡಿದವಳ ದನಿ ದಪ್ಪ ಬಟ್ಟೆಯಾಚೆಯಿಂದ ಮಬ್ಬಾಗಿ ಬರುತ್ತಿತ್ತು, ಹಿಂದಿನವಳದು ಪಕ್ಕದಲ್ಲೇ ಕೂತು ಹಾಡಿದಂತಿತ್ತು. ಗಡುವಿಗೆ ಮೊದಲು ಮತ್ತೊಮ್ಮೆ ಹೋಗಿ ಬರಲು ಸಮಯ ಉಳಿದಿರಲಿಲ್ಲ. ಇದ್ದದ್ದನ್ನೇ ಕಳಿಸಿದಳು. ಒಂದು ವಾರಕ್ಕೆ ಸಮಿತಿಯವರ ಫೋನು ಬಂತು: “ಆ ‘ಸೋ’ ಅನ್ನೋ ಅಮ್ಮನ್ನ ಕರ್ಕೊಂಡು ಬನ್ನಿ. ಎಂಥ ದನಿ ರೀ ಅದು!”

ಯಾರ ಹೆಸರನ್ನೂ ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ರೂಪಶ್ರೀ ಮತ್ತೆ ಜಗಳೂರಿಗೆ ಹೋದಳು. “ಚನ್ನಗಿರಿಯೋರು ಒಪ್ಪಿದಾರೆ,” ಎಂದಷ್ಟೇ ಹೇಳಿ ರೆಕಾರ್ಡರನ್ನು ಚಾಪೆಯ ನಡುವೆ ಇಟ್ಟು ಗುಂಡಿ ಒತ್ತಿದಳು.

ಇಬ್ಬರಿಗೂ ತಮ್ಮ ದನಿಯನ್ನು ಹೊರಗಿನಿಂದ ಕೇಳಿ ಗೊತ್ತಿರಲಿಲ್ಲ. ಎರಡು ಸಾಲು ಮುಗಿಯುವಷ್ಟರಲ್ಲಿ ಉಚ್ಚಂಗೆಮ್ಮನ ಮುಖ ಅರಳಿತು.

“ನೋಡ್ರಿ, ನನ್ನ ದನಿ ಹೆಂಗೆ ಹಿಡಿದೈತೆ! ಪಾಪ, ನಿಂದೇ ಸರಿಯಾಗಿ ಬಂದಿಲ್ಲ ಕಣೇ ಲಕ್ಷ್ಮೀ. ಕಣಜದಾಗೆ ಕುಂತು ಹಾಡ್ದಂಗೈತೆ.”

ಲಕ್ಷ್ಮಿದೇವಿ ತಲೆ ಎತ್ತಲಿಲ್ಲ. ಆ ದನಿ ಅವಳ ಎದೆಯನ್ನು ಗೀರುತ್ತಿತ್ತು. ಅಕ್ಕ ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ಅಷ್ಟು ಹತ್ತಿರ ಕೂತೂ ತನಗೆ ತಿಳಿದೇ ಇರಲಿಲ್ಲವಲ್ಲ! ಜನ ಹೇಳಿದ್ದು ಸುಳ್ಳಲ್ಲ, ರವಿಕೆ ಕಣ ಕೊಟ್ಟವರದೂ ತಪ್ಪಲ್ಲ. ಇಂಥ ದನಿಯ ಹಿಂದೆ ಕೂರುವುದೇ ತನ್ನ ಪುಣ್ಯವಿರಬೇಕು. ಈ ಯೋಚನೆ ಬಂದಾಗ ಅವಳಿಗೆ ಕಣ್ಣೀರೇ ಬಂತು; ಪುಣ್ಯದ ಸಂತೋಷಕ್ಕಲ್ಲ.

“ಇಲ್ಲಿ ಒಂಚೂರು ಜಗ್ಗಿದಿ ಅಕ್ಕ,” ಎಂದಳು, ಸುಮ್ಮನಿರಲಾರದೆ.

“ಜಗ್ಗಿಲ್ಲ. ಅದು ನನ್ನ ಪದ್ಧತಿ.”

“ಇಲ್ಲಿ ಉಸಿರು ಕದ್ದಿ ನೋಡು.”

“ಅದಕ್ಕೂ ತಾಕತ್ತು ಬೇಕು ಕಣೇ. ಎಲ್ಲರ ಕೈಲಾಗಂಗಿಲ್ಲ.”

ಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತಿದ್ದ ತಿಪ್ಪೇಶಪ್ಪ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. “ಅಲ್ಲ ಕಣೇ, ನೀನು ‘ಸೋ’ ಅನ್ನಾಕೆ ಯಾವಾಗ ಕಲ್ತೆ?”

ರೆಕಾರ್ಡರಿನೊಳಗೆ ಅದೇ ದನಿ ಮತ್ತೊಂದು ಸಾಲು ಮುಗಿಸಿ, ‘ಸೋ’ ಎಂದು ಉದ್ದಕ್ಕೆ ಎಳೆಯಿತು. ಲಕ್ಷ್ಮಿದೇವಿ ಮೊದಲು ರೆಕಾರ್ಡರನ್ನು ನೋಡಿದಳು, ಆಮೇಲೆ ರೂಪಶ್ರೀಯನ್ನು.

“ನಾನಾ?”

“ನೀವೇ ಚಿಕ್ಕಮ್ಮ. ದೊಡ್ಡಮ್ಮ ಸೆರಗು ಎಸೆದಾಗ ಮೈಕು ನಿಮ್ಮ ಹತ್ರ ಬಂದಿತ್ತು. ಚನ್ನಗಿರಿಯೋರು ಕರೆದಿರೋದು ನಿಮ್ಮನ್ನೇ.”

“ಮಿಷಿನ್ ಕೆಟ್ಟೈತೆ,” ಎಂದಳು ಉಚ್ಚಂಗೆಮ್ಮ.

“ಹೋದ್ಸಲ ಕೆಟ್ಟಿತ್ತು. ಈ ಸಲ ಸರಿಯಾಗೈತೆ,” ಎಂದ ತಿಪ್ಪೇಶಪ್ಪ. ಆ ರಾತ್ರಿ ಅವನಿಗೆ ಸಾರಿನಲ್ಲಿ ಉಪ್ಪಿರಲಿಲ್ಲ.

ಮಾರನೆಯ ದಿನದಿಂದ ಮನೆಯಲ್ಲಿ ಹೊಟ್ಟೆಕಿಚ್ಚು ಮಗ್ಗುಲು ಬದಲಿಸಿತು. ಉಚ್ಚಂಗೆಮ್ಮ ನೀರು ಹಿಡಿಯುವಾಗ, ಕುರಿ ಹಿಕ್ಕೆ ಗುಡಿಸುವಾಗ, ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು: “ದೊಡ್ಡ ಹಾಡುಗಾರ್ತಿ ಅಂತೆ. ಹೋಗ್ಲಿ, ಒಬ್ಳೇ ಹಾಡ್ಲಿ. ನಾವು ಅಡ್ಡ ಬರಂಗಿಲ್ಲಪ್ಪ.”

ಲಕ್ಷ್ಮಿದೇವಿ ಸಂತೋಷವಾಗಿರಲು ತುಂಬ ಪ್ರಯತ್ನಪಟ್ಟಳು. ಕುರಿಹಟ್ಟಿಯ ಹಿಂದೆ ಒಬ್ಬಳೇ ನಿಂತು ಹಾಡಿ ನೋಡಿದಳು. ಬಾಯಿ ತೆರೆದಳು, ದನಿಯೂ ಸಿದ್ಧವಿತ್ತು, ಸಾಲು ಬರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಒಂದು ಸಾಲನ್ನೂ ತಾನಾಗಿ ಎತ್ತಿದವಳಲ್ಲ. ನೂರಾರು ಪದ ಅವಳಿಗೆ ಬರುತ್ತಿದ್ದವು, ಆದರೆ ಪ್ರತಿಯೊಂದೂ ಅಕ್ಕನ ಬಾಯಿಂದ ಬಿದ್ದ ಮೇಲಷ್ಟೇ ಬರುತ್ತಿತ್ತು. ಕಿವಿಯ ಹತ್ತಿರ ಆ ಬೆನ್ನಿಲ್ಲದೆ ಹಾಡು ಎಲ್ಲಿ ಶುರುವಾಗುತ್ತದೆಂದೇ ಅವಳಿಗೆ ಗೊತ್ತಾಗಲಿಲ್ಲ. ಒಂದು ಟಗರು ಅವಳನ್ನೇ ನೋಡುತ್ತ ನಿಂತಿತ್ತು. “ನೀನಾರ ಎತ್ತೋ ಮಾರಾಯ,” ಎಂದಳು.

ಅಕ್ಕನನ್ನು ಕೇಳುವುದೆಂದರೆ ದಿಂಬಿನೊಳಗಿನ ಕಣಗಳನ್ನೆಲ್ಲ ತೆಗೆದು ಅವಳ ಕಾಲಿಗೆ ಸುರಿದಂತೆ. ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಲಕ್ಷ್ಮಿದೇವಿ ಬಸ್ ನಿಲ್ದಾಣಕ್ಕೆ ಬಂದಾಗ ಉಚ್ಚಂಗೆಮ್ಮ ಅವಳಿಗಿಂತ ಮೊದಲೇ ಬಂದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದಳು.

“ನೀನೆಲ್ಲಿಗೆ ಅಕ್ಕ?”

“ಚನ್ನಗಿರಿಗೆ.”

“ನಿನ್ನ ಕರೆದಿಲ್ಲಲ್ಲ.”

“ಅದಕ್ಕೇ ಹೊಂಟಿದೀನಿ. ನೀನು ಅಲ್ಲಿ ಹೋಗಿ ಬಾಯಿ ಬಿಟ್ಕಂಡು ಕುಂತ್ರೆ, ‘ಇವರ ಮನೆಯಾಗೆ ಯಾರಿಗೂ ಹಾಡಾಕೆ ಬರಂಗಿಲ್ಲ’ ಅಂತಾರೆ. ಹಾಡು ಯಾರದು ಅಂತ ನಾಕು ಜನಕ್ಕೆ ತಿಳೀಬೇಕು. ಹಟ್ಟಿ ಹಿಂದೆ ನಿಂತು ಟಗರಿಗೆ ಏನು ಹೇಳ್ದೆ ಅಂಬೋದೂ ಕೇಳೈತೆ ನಂಗೆ.”

ಲಕ್ಷ್ಮಿದೇವಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಮತ್ತೊಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಚನ್ನಗಿರಿಯ ವೇದಿಕೆಯ ಮೇಲೆ ರೂಪಶ್ರೀ ಪಿನ್ನಿಗೆ ಕನ್ವರ್ಟರು ಸೇರಿಸಿ, ಮೆನುವಿನ ಸ್ವಿಚ್ಚು ಒತ್ತಿ, ಮೈಕನ್ನು ಈ ಸಲ ಲಕ್ಷ್ಮಿದೇವಿಯ ರವಿಕೆಯ ತೋಳಿಗೆ ಸಿಕ್ಕಿಸಿದಳು. ಇಯರ್‌ಫೋನ್ ಹಾಕಿಕೊಳ್ಳಲು ಅವಳು ತೆರೆಯ ಹಿಂದೆ ಹೋಗಿ ಕೂತಳು. ಉಚ್ಚಂಗೆಮ್ಮ ಯಾರನ್ನೂ ಕೇಳದೆ ತಾನೂ ವೇದಿಕೆ ಹತ್ತಿ, ವಾರಗಿತ್ತಿಯ ಎಡಭುಜದ ಹಿಂದೆ ಕೂತು, ಎದುರಿನ ಬೆನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಅಲ್ಲಿ ಕೂತರೆ ಸಭೆ ಕಾಣುವುದಿಲ್ಲವೆಂದು ಅವಳಿಗೆ ಅವತ್ತೇ ತಿಳಿದದ್ದು. ಆಮೇಲೆ ಬಾಗಿ ಕಿವಿಯಲ್ಲಿ ಮೊದಲ ಸಾಲನ್ನು ಉಸುರಿದಳು. ಲಕ್ಷ್ಮಿದೇವಿ ಅದನ್ನು ಎತ್ತಿ ಹಾಡಿದಳು. ‘ಸೋ’ ಹೇಳುವ ಜಾಗ ಬಂದಾಗ ಹಿಂದಿನಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಕೊನೆಗೆ, ಹಲ್ಲಿನ ನಡುವಿನಿಂದ ಎಂಬಂತೆ, ಒಂದು ‘ಸೋ’ ಬಂತು.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಧ್ವನಿಮುದ್ರಣದ ಮೇಲೆ ಲಕ್ಷ್ಮಿದೇವಿಯ ಹೆಸರು ಬರೆದಿದ್ದಾರೆ. ಕಿವಿಗೊಟ್ಟು ಕೇಳಿದರೆ ಪ್ರತಿ ಸಾಲಿಗೂ ಮೊದಲು ಅದನ್ನು ಉಸುರುವ ಇನ್ನೊಂದು ದನಿಯೂ ಕೇಳುತ್ತದೆ; ಅದರ ಹೆಸರು ಎಲ್ಲೂ ಇಲ್ಲ.