ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳು

ಭಾನುವಾರ ನಮ್ಮ ಚರ್ಚಿನ ಬಾಗಿಲಲ್ಲಿ ಹಂಚುವ ವಾರಪತ್ರದ ಕೊನೆಯ ಪುಟ ನನ್ನ ಗಂಡನದು. ಹತ್ತೊಂಬತ್ತು ವರ್ಷದಿಂದ ಸಭಾಪಾಲಕರಾಗಿರುವ ಅವರು ಅಷ್ಟೇ ವರ್ಷದಿಂದ ಅಲ್ಲಿ ‘ಅಡುಗೆಮನೆ ಕಿಟಕಿಯಿಂದ’ ಎಂಬ ಅಂಕಣ ಬರೆಯುತ್ತಿದ್ದಾರೆ. ನಮ್ಮ ಅಡುಗೆಮನೆಗೆ ಕಿಟಕಿಯೇನೋ ಇದೆ. ಅದು ಯಾವ ದಿಕ್ಕಿಗಿದೆ ಎಂದು ಕೇಳಿದರೆ ಮಾತ್ರ ಅವರು ತಡವರಿಸಿಯಾರು. ಇರಲಿ, ಜನಕ್ಕೆ ಆ ಪುಟವೆಂದರೆ ಪ್ರಾಣ. ಪ್ರಸಂಗದುದ್ದಕ್ಕೂ ತೂಕಡಿಸುವವರೂ ಅದನ್ನು ಮಡಚಿ ಜೋಪಾನವಾಗಿ ಮನೆಗೆ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಹಾಲು ಉಕ್ಕಿದ್ದು, ಮಗಳು ಮೊದಲ ಸಲ ಸುಳ್ಳು ಹೇಳಿದ್ದು, ನಾನೊಂದು ದಿನ ಸಿಟ್ಟಿನಿಂದ ಧಡಾರನೆ ಬಾಗಿಲು ಹಾಕಿಕೊಂಡದ್ದು, ಎಲ್ಲವೂ ಅಲ್ಲಿ ಬಂದಿವೆ. ಕೊನೆಗೊಂದು ಬೈಬಲ್ ವಾಕ್ಯ ಸೇರಿ ಎಲ್ಲವೂ ಸಮಾಧಾನವಾಗಿ ಮುಗಿದಿವೆ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ತಿದ್ದುವುದು ನನ್ನ ಕೆಲಸ. ಅವರಿಗೆ ಲಕಾರ ಳಕಾರಗಳ ಗೊಂದಲ ಇಂದಿಗೂ ಹೋಗಿಲ್ಲ.

ಅತ್ತೆಗೆ ಲಕ್ವ ಹೊಡೆದಾಗ ನನ್ನ ಗಂಡನಿಗೆ ಐವತ್ತು, ಅವರ ತಂಗಿಗೆ ನಲವತ್ತೊಂದು. ಅತ್ತೆಯ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ಮುಕ್ಕಾಲು ಹೋಯಿತು. ಸಭೆಯವರು ನಮಗೆ ಕೊಟ್ಟಿರುವ ಮನೆ ಮಹಡಿಯ ಮೇಲಿದೆ, ಇಪ್ಪತ್ತೆರಡು ಮೆಟ್ಟಿಲು. “ಅಮ್ಮನ್ನ ಹೇಗೆ ಹತ್ತಿಸೋದು?” ಎಂದು ಗಂಡ ಕೇಳಿದರು. ಆ ಮೆಟ್ಟಿಲುಗಳು ಇದ್ದದ್ದು ಒಳ್ಳೆಯದೇ ಆಯಿತು ಎಂದು ಒಳಗೊಳಗೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಹಾಗಾಗಿ ಅತ್ತೆ ಮಗಳ ಮನೆಯಲ್ಲೇ ಉಳಿದರು. ನಾದಿನಿಯನ್ನು ಎಲ್ಲರೂ ಪುಟ್ಟಿ ಎನ್ನುತ್ತಾರೆ. ಮದುವೆಯಾಗಿರಲಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅಮ್ಮ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಮೇಲೆ ಮಿಷನ್ನನ್ನು ಎರಡೂ ಕೋಣೆಗಳ ನಡುವಿನ ಬಾಗಿಲಿಗೆ ಎಳೆದುಕೊಂಡಳು. ಗಿರಾಕಿ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಬೆನ್ನಿನಲ್ಲಿ ಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಅಮ್ಮನನ್ನು ಮಗ್ಗುಲು ಹೊರಳಿಸುತ್ತಿದ್ದಳು. ಅತ್ತೆಯ ಎಡಗೈಯಲ್ಲಿ ಒಂದು ಚಮಚ ಇರುತ್ತಿತ್ತು. ಮಂಚದ ಕಂಬಿಗೆ ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಬಟ್ಟೆ ಬದಲಿಸಬೇಕು. ಬಡಿಯುತ್ತಲೇ ಇದ್ದರೆ ಬೇಜಾರು ಎಂದರ್ಥ. ಬೇಜಾರಾದಾಗ ಪುಟ್ಟಿ ಮಿಷನ್ ನಿಲ್ಲಿಸಿ, ಆ ಗಿರಾಕಿಯ ಸೊಂಟ ಎಷ್ಟಿತ್ತು, ಎಷ್ಟೆಂದು ಬರೆಸಿಕೊಂಡಳು ಎಂದೆಲ್ಲ ಹೇಳಿ ಅಮ್ಮನನ್ನು ನಗಿಸುತ್ತಿದ್ದಳು. ಹೀಗೆ ಆರು ವರ್ಷ.

ನನ್ನ ಗಂಡ ಗುರುವಾರ ನಾಲ್ಕಕ್ಕೆ ಹೋಗಿ ನಾಲ್ಕು ನಲವತ್ತಕ್ಕೆ ಏಳುತ್ತಿದ್ದರು. ಬೈಬಲ್ಲಿನ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡಿ, ತಾಯಿಯ ಹಣೆ ಸವರುತ್ತಿದ್ದರು. ಅವರ ಪ್ರೀತಿ ನಾಟಕವಾಗಿರಲಿಲ್ಲ. ಹಾಗೆ ಹೇಳಿದರೆ ಅನ್ಯಾಯವಾದೀತು.

ಅಂಥ ಒಂದು ಗುರುವಾರ ನಾನೂ ಜೊತೆಗಿದ್ದೆ. ಮದುಮಗಳೊಬ್ಬಳು ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಅಮ್ಮನ ಕಾಲಿಗೆಂದು ಕಾಯಿಸಿದ್ದ ಬಿಸಿನೀರು ಬೋಗುಣಿಯಲ್ಲಿ ಆರುತ್ತಿತ್ತು. ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಪುಟ್ಟಿ ಅಂದಳು, “ಅಣ್ಣ, ಇವತ್ತೊಂದು ದಿನ ನೀನೇ ತೊಳೆದ್ಬಿಡೋ. ನನ್ನ ಕೈ ಬಿಡುವಿಲ್ಲ.”

ಅವರು ಅಂಗಿಯ ತೋಳು ಮಡಚಿ ಮೊಣಕಾಲೂರಿದರು. ತೊಳೆಯುತ್ತ ತೊಳೆಯುತ್ತ ಕಣ್ಣಲ್ಲಿ ನೀರು ಬಂತು. ಅತ್ತೆಯೂ ಅತ್ತರು. ಅರ್ಧ ಬೋಗುಣಿ ನೀರು ನೆಲದ ಮೇಲಿತ್ತು, ಒದ್ದೆ ಟವೆಲ್ಲು ಕುರ್ಚಿಯ ಮೇಲೆ. ನಾವು ಹೊರಟ ಮೇಲೆ ಪುಟ್ಟಿ ಅದನ್ನೆಲ್ಲ ಒರೆಸಿರಬೇಕು.

ಆ ವಾರದ ಅಂಕಣ ‘ತಾಯಿಯ ಪಾದ’. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಬೇರೆ ಊರುಗಳ ಸಭೆಗಳು ಅವರನ್ನು ಮಾತಾಡಲು ಕರೆದವು. ಒಂದೊಂದು ಸಲ ಹೇಳಿದಾಗಲೂ ಅದು ಒಂಚೂರು ಬೆಳೆಯಿತು. ‘ಒಂದು ಗುರುವಾರ’ ಎಂದಿದ್ದದ್ದು ‘ಗುರುವಾರಗಳಂದು’ ಆಯಿತು. ‘ತೊಳೆದೆ’ ಎಂಬುದು ‘ತೊಳೆಯುತ್ತಿದ್ದೆ’ ಆಯಿತು. ನಾನು ಕೆಂಪು ಪೆನ್ನು ಹಿಡಿದು ಕೂತು ಲಕಾರ ಳಕಾರ ತಿದ್ದಿದೆ. ಕ್ರಿಯಾಪದಗಳನ್ನು ಮುಟ್ಟಲಿಲ್ಲ.

ಪುಟ್ಟಿ ಆ ಆರು ವರ್ಷ ಸಭೆಗೆ ಬರಲಿಲ್ಲ. ಅಮ್ಮನನ್ನು ಯಾರಿಗೆ ಬಿಟ್ಟು ಬರಬೇಕು? “ಅಯ್ಯನವರ ತಂಗಿಗೇ ಭಕ್ತಿ ಇಲ್ವಲ್ಲ” ಎಂದು ಜನ ಆಡಿಕೊಂಡರು. ಅದು ನನ್ನ ಗಂಡನ ಕಿವಿಗೂ ಬಿತ್ತು. ಒಂದು ವಾರ ಅಂಕಣದಲ್ಲಿ, ಆರಾಧನೆಯ ಹೊತ್ತಿನಲ್ಲೂ ಹೊಲಿಗೆಯ ಚಕ್ರ ತಿರುಗುವ ಮನೆಗಳ ಬಗ್ಗೆ ಮರುಕದಿಂದ ನಾಲ್ಕು ಸಾಲು ಬರೆದರು. ಯಾರ ಹೆಸರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅತ್ತೆ ಹೋದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ. ಸಭಾಪಾಲಕರ ಕೂಟದಲ್ಲಿದ್ದ ನನ್ನ ಗಂಡನ ಫೋನು ಆಫ್ ಆಗಿತ್ತು. ನಾನು ಓಡಿಹೋದಾಗ ಪುಟ್ಟಿ ಅಮ್ಮನ ತಲೆ ಬಾಚಿ, ಕಣ್ಣು ಮುಚ್ಚಿಸಿ, ಪಕ್ಕದಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ.

“ಅಮ್ಮ ಒಂದ್ಸಲ ಚಮಚ ಬಡಿದ್ರು, ಅತ್ತಿಗೆ. ನೀರು ತರೋಷ್ಟರಲ್ಲಿ ಹೋಗ್ಬಿಟ್ಟಿದ್ರು” ಎಂದಳು. “ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.”

ಆ ಭಾನುವಾರದ ಪುಟದಲ್ಲಿ ‘ತಾಯಿ ನಮ್ಮ ಕೈಗಳಲ್ಲೇ ಕಣ್ಣು ಮುಚ್ಚಿದರು’ ಎಂದಿತ್ತು. ‘ನಮ್ಮ’ ಎಂಬ ಮಾತಿಗೆ ತಪ್ಪು ಹೇಳುವಂತಿಲ್ಲ. ಅದರಲ್ಲಿ ಎಷ್ಟು ಜನರನ್ನಾದರೂ ಹಿಡಿಸಬಹುದು, ಯಾರನ್ನು ಬೇಕಾದರೂ ಮರೆಸಬಹುದು.

ಎರಡು ತಿಂಗಳಾದ ಮೇಲೆ ಸಭೆಯ ಕಾರ್ಯದರ್ಶಿ ಮುತುವರ್ಜಿ ವಹಿಸಿ, ತಾಯಿಯ ಬಗೆಗಿನ ಅಂಕಣಗಳನ್ನೆಲ್ಲ ಸೇರಿಸಿ ಸಣ್ಣ ಪುಸ್ತಕ ಮಾಡಿಸಿದರು. ಅತ್ತೆಯ ನೆನಪಿನ ಆರಾಧನೆಯ ದಿನ ಬಿಡುಗಡೆ. ಪುಟ್ಟಿ ಆರು ವರ್ಷದ ಮೇಲೆ ಸಭೆಗೆ ಬಂದಳು. ತಾನೇ ಹೊಲಿದ ಬೂದುಬಣ್ಣದ ಉಡುಪು ತೊಟ್ಟು ಮೂರನೆಯ ಬೆಂಚಿನ ತುದಿಯಲ್ಲಿ ಕೂತಳು. ಎಲ್ಲರೂ ಎದ್ದು ಹಾಡುವಾಗಲೂ ಅವಳು ಕೂತೇ ಪುಸ್ತಕ ಓದುತ್ತಿದ್ದಳು.

ಆರಾಧನೆ ಮುಗಿದು ಜನ ಚಹಾಕ್ಕೆ ಹೋಗುವಾಗ ನನ್ನನ್ನು ಕಂಬದ ಮರೆಗೆ ಕರೆದಳು. ‘ತಾಯಿಯ ಪಾದ’ದ ಪುಟಕ್ಕೆ ಬೆರಳಿಟ್ಟು ಹಿಡಿದಿದ್ದಳು.

“ಇಲ್ಲಿ ನೋಡಿ ಅತ್ತಿಗೆ. ‘ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಬಿಸಿನೀರು ತಂದುಕೊಟ್ಟಳು.’ ಯಾರಿವಳು?”

ನಾನು ಸೆರಗು ಸರಿಮಾಡಿಕೊಂಡೆ.

“ಕೆಲಸದವಳನ್ನೇನೂ ಇಟ್ಟಿರ್ಲಿಲ್ಲ ನಾನು. ಅದಕ್ಕೇ ಕೇಳ್ದೆ” ಎಂದಳು. ಆಮೇಲೆ ಮೆಲ್ಲಗೆ, “ನೀವು ತಾನೇ ಇದನ್ನೆಲ್ಲ ತಿದ್ದೋದು?”

“ಹೌದು ಪುಟ್ಟಿ.”

“ಓದಿದ್ರಿ ಹಾಗಾದ್ರೆ.”

ಓದಿದ್ದೆ. ಆ ವಾಕ್ಯದಲ್ಲಿ ‘ಹೆಣ್ಣುಮಗಲು’ ಎಂದಿದ್ದದ್ದನ್ನು ನಾನೇ ‘ಹೆಣ್ಣುಮಗಳು’ ಮಾಡಿದ್ದೆ.

ಮರುದಿನ ಗಂಡನನ್ನು ನಾನೇ ಅವಳ ಅಂಗಡಿಗೆ ಕರೆದೊಯ್ದೆ. ಅವಳು ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ, ನಮಗೆ ಕುರ್ಚಿ ಕೊಟ್ಟು, ತಾನು ಸ್ಟೂಲಿನ ಮೇಲೆ ಕೂತಳು.

“ಅದು ದೃಷ್ಟಾಂತ ಕಣೇ” ಎಂದರು ಅವರು. “ಓದುವವರಿಗೆ ಒಂದು ಪಾಠ ತಲುಪಲಿ ಅಂತ ಬರೆಯೋದು. ಯಾರು ತೊಳೆದ್ರು ಅನ್ನೋದು ಅಲ್ಲಿ ಮುಖ್ಯ ಅಲ್ಲ.”

“ಮುಖ್ಯ ಅಲ್ಲದಿದ್ರೆ ನನ್ನ ಹೆಸರೇ ಹಾಕ್ಬಹುದಿತ್ತಲ್ಲ?”

ಅವರು ನನ್ನ ಕಡೆ ನೋಡಿದರು.

“ಆರು ವರ್ಷ ನಾನು ಏನೂ ಕೇಳ್ಲಿಲ್ಲ ಅಣ್ಣ. ಭಾನುವಾರ ಹೊಲೀತೀನಿ ಅಂತ ಬರೆದ್ಯಲ್ಲ, ಆಗ್ಲೂ ಕೇಳ್ಲಿಲ್ಲ. ಅವತ್ತು ನಾನು ಹೊಲೀತಿದ್ದದ್ದು ಏನು ಗೊತ್ತಾ? ಅಮ್ಮನ ಕೆಳಗೆ ಹಾಸೋ ಬಟ್ಟೆ. ದಿನಕ್ಕೆ ಒಂಬತ್ತು ಬೇಕಾಗ್ತಿತ್ತು.” ಅವಳ ದನಿ ಏರಲಿಲ್ಲ. “ಈಗ ಒಂದೇ ಒಂದು ಕೇಳ್ತೀನಿ. ಬರೋ ಭಾನುವಾರ ಪೀಠದಲ್ಲಿ ನಿಂತು ಹೇಳು. ನಾನು ಮಾಡ್ಲಿಲ್ಲ, ಅವಳು ಮಾಡಿದ್ಳು ಅಂತ. ಅಷ್ಟೇ. ವಾಕ್ಯ ಗೀಕ್ಯ ಏನೂ ಸೇರಿಸ್ಬೇಡ.”

ನನ್ನ ಗಂಡ ಮಿಷನ್ನಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ನೇರ ಮಾಡಿದರು. ಆಮೇಲೆ “ಹೇಳ್ತೀನಿ” ಎಂದರು.

ಆ ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ. ಗಡ್ಡ ಬೋಳಿಸಲಿಲ್ಲ. ಒಂದು ಮಧ್ಯಾಹ್ನ ಬೀರುವಿನ ಮುಂದೆ ನಿಂತು ತಾಯಿಯ ಶಾಲು ಹಿಡಿದುಕೊಂಡು ಬಿಕ್ಕಿದ್ದನ್ನು ನಾನು ನೋಡಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಮೇಲೆ ಈ ಮನುಷ್ಯನ ಮೇಲೆ ನನಗೆ ಹೊಸದಾಗಿ ಅಭಿಮಾನ ಹುಟ್ಟಿತು.

ಭಾನುವಾರ ಪುಟ್ಟಿ ಅದೇ ಬೆಂಚಿನಲ್ಲಿ ಬಂದು ಕೂತಳು. ನಾನು ಅವಳ ಪಕ್ಕದಲ್ಲಿದ್ದೆ. ನನ್ನ ಗಂಡ ಬರೆದುಕೊಂಡ ಚೀಟಿಯನ್ನೂ ಒಯ್ಯದೆ ಪೀಠ ಹತ್ತಿದರು.

“ನಾನು ನಿಮಗೆ ಸುಳ್ಳು ಹೇಳಿದ್ದೀನಿ” ಎಂದು ಶುರುಮಾಡಿದರು. “ನನ್ನ ತಾಯಿಯ ಕಾಲು ನಾನು ತೊಳೆದದ್ದು ಒಂದೇ ಸಲ. ಉಳಿದ ಆರು ವರ್ಷ ತೊಳೆದವಳು ನನ್ನ ತಂಗಿ. ಅಲ್ಲಿ ಕೂತಿದ್ದಾಳೆ. ನಾನು ಬರೆದದ್ದೆಲ್ಲ ಅವಳು ಮಾಡಿದ್ದು.”

ಅಲ್ಲಿಗೆ ಇಳಿದುಬಂದಿದ್ದರೆ ಆಗುತ್ತಿತ್ತು. ಆದರೆ ಅಲ್ಲೇ ನಿಂತರು. ಕನ್ನಡಕ ತೆಗೆದರು, ಪೀಠ ಹಿಡಿದು ತಲೆ ಬಾಗಿಸಿದರು. ಸಭೆಯಲ್ಲಿ ಯಾರೋ ಬಿಕ್ಕಿದರು. ಇನ್ಯಾರೋ “ಸ್ತೋತ್ರ” ಎಂದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕಾರ್ಯದರ್ಶಿ ಎದ್ದು ಜನರತ್ತ ತಿರುಗಿದರು.

“ಎಷ್ಟು ಜನ ಸಭಾಪಾಲಕರಿಗೆ ಈ ದೀನತೆ ಇರತ್ತೆ ಹೇಳಿ? ಮಾಡಿದ್ದನ್ನೂ ಮಾಡಿಲ್ಲ ಅನ್ನೋ ದೊಡ್ಡ ಮನಸ್ಸು!”

“ಆಮೆನ್” ಎಂದು ಸಭೆಯೇ ಅಂದಿತು.

ನನ್ನ ಗಂಡ ತಲೆ ಎತ್ತಿದರು. ಇಲ್ಲ, ಹಾಗಲ್ಲ ಎಂದು ಅವರು ಹೇಳುತ್ತಾರೆಂದು ಕಾದೆ. ಅವರು ಕಣ್ಣೊರೆಸಿಕೊಂಡು, ಕೈಯೆತ್ತಿ ಆಶೀರ್ವದಿಸಿದರು.

ಬಾಗಿಲಲ್ಲಿ ಅವರ ಕೈಕುಲುಕಲು ಸಾಲು ನಿಂತಿತು. ಮುದುಕರು ಅವರನ್ನು ಅಪ್ಪಿಕೊಂಡರು. ನಮ್ಮ ಬೆಂಚಿನ ಹತ್ತಿರ ಒಬ್ಬಳೇ ಹೆಂಗಸು ಬಂದು ಪುಟ್ಟಿಯ ಭುಜ ಹಿಡಿದಳು.

“ಎಂಥ ಅಣ್ಣನಮ್ಮ ನಿನಗೆ! ತನ್ನ ಹೆಸರು ಕೆಡಿಸ್ಕೊಂಡು ನಿನ್ನನ್ನ ಮೇಲೆತ್ತಿದ್ರಲ್ಲ. ಅದಿರ್ಲಿ, ನಮ್ಮ ಹುಡುಗಿ ಫ್ರಾಕು ಬುಧವಾರಕ್ಕೆ ಆಗತ್ತಾ?”

“ಆಗತ್ತೆ” ಎಂದಳು ಪುಟ್ಟಿ.

ಅವತ್ತು ನನ್ನ ಗಂಡ ಎರಡು ಸಲ ಬಡಿಸಿಕೊಂಡು ಉಂಡರು. ಮುಖ ತಿಳಿಯಾಗಿತ್ತು.

“ಎಷ್ಟು ಹಗುರ ಆಯ್ತು ಗೊತ್ತಾ?” ಎಂದರು.

“ಅವಳಿಗೆ?”

“ಅವಳಿಗೂ ಆಗಿರತ್ತೆ. ಕೇಳಿದ್ದನ್ನೇ ಕೊಟ್ಟೆನಲ್ಲ.”

“ಕಾರ್ಯದರ್ಶಿ ಹಾಗಂದಾಗ ನೀವು ಸುಮ್ಮನಿದ್ರಿ.”

“ಜನರ ಪ್ರೀತಿಗೆ ಅಡ್ಡ ಹಾಕೋಕಾಗತ್ತೇನೇ?” ಎಂದು ಕೈ ತೊಳೆದು ಮೇಜಿಗೆ ಹೋದರು. ಸಂಜೆಯ ಹೊತ್ತಿಗೆ ನಾಲ್ಕು ಹಾಳೆ ತಂದು ನನ್ನ ಮುಂದಿಟ್ಟರು. ತಲೆಬರಹ ‘ತಪ್ಪೊಪ್ಪಿಗೆಯ ಸಂತೋಷ’. ಪುಸ್ತಕದ ಎರಡನೆಯ ಮುದ್ರಣಕ್ಕೆ ಕೊನೆಯ ಅಧ್ಯಾಯವಾಗಿ ಇರಲಿ ಎಂದು ಕಾರ್ಯದರ್ಶಿ ಆಗಲೇ ಫೋನು ಮಾಡಿದ್ದರಂತೆ.

“ಇದನ್ನ ನಾನು ತಿದ್ದಲ್ಲ ರೀ” ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರು ಹೇಳಿದ್ದು ಅದೇ ಮೊದಲು.

“ಸುಸ್ತಾಗಿದೆ ನಿಂಗೆ. ಪರವಾಗಿಲ್ಲ, ಕಾರ್ಯದರ್ಶಿ ಮಗಳು ನೋಡ್ಕೊಡ್ತಾಳೆ” ಎಂದು ಹಾಳೆಗಳನ್ನು ಎತ್ತಿಕೊಂಡರು. ಎದುರು ನಿಲ್ಲಲು ನಾನು ಕೂಡಿಸಿಕೊಂಡ ಧೈರ್ಯವೆಲ್ಲ ಅಷ್ಟರಲ್ಲೇ ಮುಗಿಯಿತು.

ಗುರುವಾರ ಹೋದಾಗ ಪುಟ್ಟಿ ಸ್ಟೂಲು ಹತ್ತಿ ಅಂಗಡಿಯ ಬೋರ್ಡು ಬಿಚ್ಚುತ್ತಿದ್ದಳು. ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟಾಗಿತ್ತು. ಎರಡು ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಹೊದಿಕೆ, ಪರದೆ, ರೋಗಿಗಳ ಅಂಗಿ ಹೊಲಿಯುವ ವಿಭಾಗವಿದೆಯಂತೆ. ಅಲ್ಲಿ ಕೆಲಸ ಸಿಕ್ಕಿತ್ತು.

“ಜನರಿಗೆ ಅರ್ಥವಾಗ್ಲಿಲ್ಲ ಪುಟ್ಟಿ. ಇನ್ನೊಂದ್ಸಲ ಹೇಳೋಕೆ ಹೇಳೋಣ” ಎಂದೆ.

“ಬೇಡ ಅತ್ತಿಗೆ. ಹತ್ತು ಸಲ ಹೇಳಿದ್ರೂ ಅದು ಅವನಿಗೇ ಹೋಗತ್ತೆ.” ತುಕ್ಕು ಹಿಡಿದ ಮೊಳೆಯೊಂದು ಬರಲೊಲ್ಲದು. ಅದನ್ನು ಕೀಳುತ್ತಲೇ ಹೇಳಿದಳು, “ನಾನು ಕೇಳಬಾರದಿತ್ತು. ಕೇಳೋವರೆಗೆ ಅಮ್ಮ ನನ್ನ ಹತ್ರಾನೇ ಇದ್ರು. ಈಗ ಅಮ್ಮ ಅಂದ್ರೆ ಆ ‘ಆಮೆನ್’ ಕೇಳಿಸತ್ತೆ.”

ಸಹಾಯಕ್ಕೆಂದು ಬೋರ್ಡಿನ ಇನ್ನೊಂದು ತುದಿ ಹಿಡಿಯಲು ಹೋದೆ. “ಬಿಡಿ, ನಾನೇ ಇಳಿಸ್ತೀನಿ” ಎಂದಳು.

ನಾಲ್ಕು ತಿಂಗಳಾದ ಮೇಲೆ ಗಂಡನಿಗೆ ಹೇಳಿಯೇ ಅವಳನ್ನು ನೋಡಲು ಹೋದೆ. ಉದ್ದನೆಯ ಕೋಣೆ, ಹದಿನೆಂಟು ಮಿಷನ್ನು, ಕತ್ತರಿಸಿದ ಬಿಳಿ ಬಟ್ಟೆಯ ರಾಶಿ. ಪುಟ್ಟಿ ಸ್ವಲ್ಪ ಮೈತುಂಬಿಕೊಂಡಿದ್ದಳು. ಪಕ್ಕದ ಮಿಷನ್ನಿನವಳು ಏನೋ ಅಂದದ್ದಕ್ಕೆ ತಲೆ ಹಿಂದೆ ಹಾಕಿ ನಗುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದಳು. ಕ್ಯಾಂಟೀನಿನಲ್ಲಿ ಚಹಾ ಕೊಡಿಸಿದಳು. ಮಗಳ ಓದು, ನನ್ನ ಮಂಡಿನೋವು ಎಲ್ಲ ವಿಚಾರಿಸಿದಳು. ಅಣ್ಣನ ಮಾತೆತ್ತಲಿಲ್ಲ. ಪುಸ್ತಕ ಮೂರನೆಯ ಮುದ್ರಣಕ್ಕೆ ಹೋಗಿದೆ ಎಂದು ನಾನೂ ಹೇಳಲಿಲ್ಲ.

ಅದೇ ಪಕ್ಕದ ಮಿಷನ್ನಿನವಳು ಲೋಟ ಹಿಡಿದು ನಮ್ಮ ಮೇಜಿಗೆ ಬಂದಳು. “ಯಾರು ಇವರು? ನಿಮ್ಮಕ್ಕನಾ?”

“ಅಲ್ಲ” ಎಂದಳು ಪುಟ್ಟಿ. “ಮೊದಲು ನಮ್ಮ ಬೀದಿ ಹತ್ರ ಇದ್ರು. ಪರಿಚಯ.”

ಹೇಳುವಾಗ ಅವಳು ನನ್ನಿಂದ ಕಣ್ಣು ತಪ್ಪಿಸಲಿಲ್ಲ. ನಾನು ಚಹಾ ಮುಗಿಸಿ, ಇಬ್ಬರಿಗೂ ಬರ್ತೀನಿ ಎಂದು ಹೇಳಿ ಎದ್ದೆ.

ಮನೆ ಮುಟ್ಟಿದಾಗ ನನ್ನ ಗಂಡ ಮೇಜಿನ ಮುಂದೆ ಆ ವಾರದ ಅಂಕಣ ಬರೆಯುತ್ತ ಕೂತಿದ್ದರು.

“ಹೇಗಿದ್ದಾಳೆ? ಏನಂದ್ಳು?”

“ಚೆನ್ನಾಗಿದ್ದಾಳೆ.”

ಅವರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ಮುಂದಿನ ಮಾತಿಗೆ ಕಾದರು. ನಾನು ಬಟ್ಟೆ ಬದಲಿಸಲು ಒಳಗೆ ಹೋದೆ.