ಕೋರ್ಟಿನ ಪಡಸಾಲೆಯ ಗಣಪ

ನಾನು ಕರಿಗಲ್ಲಿನ ಗಣಪತಿ. ಎರಡೂವರೆ ಅಡಿ ಎತ್ತರ, ನಾಲ್ಕು ಆಳು ಹಿಡಿದರೆ ಏಳುವಷ್ಟು ಭಾರ. ನನ್ನನ್ನು ಕಡೆದವನು ಮೌನೇಶ ಬಡಿಗೇರ. ಮೊದಲು ಹೊಟ್ಟೆ ಮೂಡಿತು, ಆಮೇಲೆ ಸೊಂಡಿಲು, ಕೊನೆಗೆ ಕಣ್ಣು. ಕಣ್ಣು ಮೂಡಿದ ದಿನ ನಾನು ಮೊದಲು ಕಂಡದ್ದು ಅವನ ಗಡ್ಡದಲ್ಲಿ ಕೂತಿದ್ದ ಕಲ್ಲಿನ ಪುಡಿ.

ನನ್ನನ್ನು ಒಯ್ಯಲು ಬಂದವರು ಕರಿಕೋಟಿನ ವಕೀಲರು.

"ಯಾವ ಗುಡಿಗ್ರಿ ಇದು?" ಎಂದು ಮೌನೇಶ ಕೇಳಿದ.

"ಗುಡಿಗಲ್ಲೋ, ಕೋರ್ಟಿಗೆ. ನಮ್ಮ ಸಂಘದ ಬೆಳ್ಳಿಹಬ್ಬಕ್ಕ."

"ಕೋರ್ಟಿಗ್ಯಾಕ್ರಿ?"

ಸಂಘದ ಅಧ್ಯಕ್ಷ ಚನ್ನವೀರಪ್ಪ ವಕೀಲರು ನಕ್ಕರು. "ನ್ಯಾಯ ಇರೋ ಜಾಗದಾಗ ದೇವರು ಇರಬ್ಯಾಡೇನು?"

ಮೌನೇಶ ನನ್ನ ಸುತ್ತ ಭತ್ತದ ಹುಲ್ಲು ಸುತ್ತಿದ.

ಜಿಲ್ಲಾ ಕೋರ್ಟಿನ ಪಡಸಾಲೆಯಲ್ಲಿ, ವಿಚಾರಣೆ ನಡೆಯುವ ದೊಡ್ಡ ಹಾಲಿನ ಬಾಗಿಲ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ಅಲ್ಲಿ ಮೊದಲು ಅಂದಂದಿನ ಕೇಸುಗಳ ಪಟ್ಟಿ ಹಾಕುವ ಹಲಗೆ ಇತ್ತಂತೆ. ಅದನ್ನು ಕಿತ್ತು ಪಾಯಖಾನೆಯ ದಾರಿಯ ಗೋಡೆಗೆ ಹೊಡೆದರು. ಹಳ್ಳಿಯಿಂದ ಬಂದವರು ತಮ್ಮ ಕೇಸು ಯಾವಾಗ ಎಂದು ತಿಳಿಯದೆ ನನ್ನ ಎದುರಿಗೇ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಬೆಳಿಗ್ಗೆ ಜವಾನ ಹುಸೇನಸಾಬ ಪಡಸಾಲೆ ಗುಡಿಸಿ, ಒದ್ದೆ ಬಟ್ಟೆಯಿಂದ ನನ್ನ ಪೀಠ ಒರೆಸುತ್ತಿದ್ದ. ಶುಕ್ರವಾರ ಪೇಟೆಯಿಂದ ಪೂಜಾರಿ ಬರುತ್ತಿದ್ದ. ಹೊಲಕ್ಕಾಗಿ ಹೊಡೆದಾಡಿದ ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬಂದು ನನಗೆ ಕೈ ಮುಗಿದು, ಒಂದೇ ಹೊಲವನ್ನು ಬೇಡುತ್ತಿದ್ದರು. ನಾನು ಇಬ್ಬರ ಮಾತನ್ನೂ ಕೇಳುತ್ತಿದ್ದೆ. ನನಗೆ ಏನೂ ಅನಿಸುತ್ತಿರಲಿಲ್ಲ.

ಹುಲಿಗೆವ್ವ ಬಂದದ್ದು ಮೂರನೆಯ ವರ್ಷ. ಐವತ್ತೈದರ ಆಸುಪಾಸಿನ, ಒಣಕಲು ಮೈಯ ಹೆಂಗಸು. ಅವಳ ಮಗಳು ದುರಗವ್ವ ತವರಿನಲ್ಲಿ ಬಾಣಂತನ ಮುಗಿಸಿ, ಕೂಸನ್ನು ದೇವರಿಗೆ ತೋರಿಸಬೇಕೆಂದು ಊರಿನ ಹನುಮಪ್ಪನ ಗುಡಿಯ ಕಟ್ಟೆ ಹತ್ತಿದ್ದಳಂತೆ. ಅವರ ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ. ಮೂರು ಜನ ಅವಳನ್ನು ಎಳೆದು ಕೆಡವಿ ಹೊಡೆದರು, ಕೈ ಮುರಿಯಿತು. ಕೂಸನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದವಳು ಹುಲಿಗೆವ್ವ. ಕೇಸು ನಿಂತದ್ದೇ ಅವಳ ಸಾಕ್ಷಿಯ ಮೇಲೆ.

ಮೊದಲ ಸಲ ಬಂದಾಗ ಅವಳು ಬಿಸಿಲಿಗೆ ಸೋತು ನನ್ನ ಪೀಠದ ಹತ್ತಿರ ಕೂತಳು. ಅಂದು ಶುಕ್ರವಾರ. ಪೂಜಾರಿ ಅವಳನ್ನು ನೋಡಿದ, ಅವಳ ಸೀರೆಯನ್ನು ನೋಡಿದ.

"ಯಾವೂರವಾ?"

ಅವಳು ಊರು ಹೇಳಿದಳು. ಯಾವ ಕೇಸು ಎಂಬುದು ಅವನಿಗೆ ತಿಳಿಯಿತು.

"ಒಂದೀಟು ದೂರ ನಿಂದರು. ಪೂಜಿ ಐತಿ."

ಅವಳು ಎದ್ದು ಹೋಗಿ ನಲ್ಲಿಯ ಹತ್ತಿರ ನಿಂತಳು. ಯಾವ ಮಾತಿನಿಂದ ಕೇಸು ಹುಟ್ಟಿತ್ತೋ ಅದೇ ಮಾತನ್ನು ಕೋರ್ಟಿನಲ್ಲೇ ಕೇಳಿಸಿಕೊಂಡಳು. ಆಮೇಲೆ ಆರು ತಾರೀಕಿಗೆ ಬಂದಳು. ಆರು ಸಲವೂ ನಲ್ಲಿಯ ಹತ್ತಿರವೇ ನಿಂತಳು.

ಎಂಟನೆಯ ಸಲ ಬಂದದ್ದು ಅವಳ ಸಾಕ್ಷಿಯ ದಿನ. ಒಂದನೆಯ ಆರೋಪಿಯ ತಂದೆ ಅಮರಪ್ಪಗೌಡ ಇಬ್ಬರನ್ನು ಕಟ್ಟಿಕೊಂಡು ಬೇಗನೆ ಬಂದಿದ್ದ. ಆರೋಪಿಗಳ ಪರ ವಕೀಲರು ಚನ್ನವೀರಪ್ಪನವರೇ. ಅವರು ಕಂಬದ ಆಚೆ, ಈ ಕಡೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದರು.

"ಹುಲಿಗೆವ್ವ, ಬಾ ಇಲ್ಲೆ" ಎಂದ ಗೌಡ.

"ಇಲ್ಲೇ ಇರ್ತೀನ್ರಿ ಯಪ್ಪಾ."

"ಬಾ ಅಂದ್ನೆಲ್ಲ."

ಅವನೇ ಹೋಗಿ ಅವಳ ಮಣಿಕಟ್ಟು ಹಿಡಿದು ಕರೆತಂದ. ದೂರ ನಿಲ್ಲು ಎಂದು ಯಾರೂ ಹೇಳಲಿಲ್ಲ. ಅವಳ ಕೈಯನ್ನು ತಂದು ನನ್ನ ಪಾದದ ಮೇಲೆ ಒತ್ತಿದ.

"ನಾಳೆ ಊರಾಗ ಇರಬೇಕೋ ಬ್ಯಾಡೋ ನೀನು? ಮೊಮ್ಮಗನ ಮ್ಯಾಲ ಆಣಿ ಮಾಡು. ಹೊಡೆದವ್ರು ಯಾರಂತ ನೋಡಿಲ್ಲ ಅಂತ ಒಳಗ ಹೇಳ್ತೀನಿ ಅನ್ನು."

ಅವಳ ಅಂಗೈ ಒರಟಾಗಿತ್ತು.

"ಅನ್ನು."

ಅವಳು ಅಂದಳು. ತುಟಿ ಮಾತ್ರ ಆಡಿದಂತಿತ್ತು, ಆದರೆ ನನಗೆ ಕೇಳಿಸಿತು. ಹುಸೇನಸಾಬ ಬಾಗಿಲಲ್ಲಿ ನಿಂತು ನೋಡಿದ. ಅವಳ ಗಂಡನ ಹೆಸರು ಸೇರಿಸಿ ಕೂಗಿದ: "ಹುಲಿಗೆವ್ವ ಕೋಂ ಯಮನೂರಪ್ಪಾ! ಹಾಜರ್!"

ಹಾಲಿನ ಬಾಗಿಲು ಸೆಕೆಗೆ ತೆರೆದೇ ಇರುತ್ತಿತ್ತು. ಒಳಗಿನದೆಲ್ಲ ನನಗೆ ಕೇಳುತ್ತಿತ್ತು.

"ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ಸತ್ಯವನ್ನೇ ಹೇಳುತ್ತೇನೆ ಅನ್ನಿ" ಎಂದರು ಗುಮಾಸ್ತರು.

ಹುಲಿಗೆವ್ವ ಸುಮ್ಮನಿದ್ದಳು. ಅವರು ಇನ್ನೊಮ್ಮೆ ಹೇಳಿದರು.

"ಯಾಕಮ್ಮ, ಹುಷಾರಿಲ್ವಾ?" ನ್ಯಾಯಾಧೀಶೆಯ ದನಿ. ಮೈಸೂರು ಕಡೆಯವರು, ಬಂದು ಐದು ತಿಂಗಳಾಗಿತ್ತು.

"ಆರಾಮ್ ಅದೀನ್ರಿ."

"ಮತ್ತೆ ಪ್ರಮಾಣ ಮಾಡಿ."

"ಹ್ಯಾಂಗ್ ಮಾಡ್ಲಿ ತಾಯಿ? ಈಗಷ್ಟ ದೇವರ ಮುಂದ ಒಂದು ಮಾಡಿ ಬಂದೀನಿ. ಏನೂ ನೋಡಿಲ್ಲ ಅಂತೀನಿ ಅಂತ. ಮೊಮ್ಮಗನ ಮ್ಯಾಲ. ಈಗ ಅದ ದೇವರ ಹೆಸರಿಲೆ ಖರೇ ಹೇಳು ಅಂತೀರಿ. ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡ್ಲಿ?"

"ಯಾವ ದೇವರ ಮುಂದೆ?"

"ಹೊರಗ ಕುಂತಾನಲ್ರಿ, ನಿಮ್ಮ ಕೋರ್ಟಿನಾಂವ."

ಒಳಗೆ ಟೈಪಿನ ಸದ್ದು ನಿಂತಿತು. ಕುರ್ಚಿ ಹಿಂದೆ ಸರಿಯಿತು. ನ್ಯಾಯಾಧೀಶೆ ಬಾಗಿಲವರೆಗೆ ನಡೆದು ಬಂದು ನನ್ನನ್ನು ನೋಡಿದರು, ನನ್ನ ಪಕ್ಕದಲ್ಲಿ ನಿಂತಿದ್ದ ಅಮರಪ್ಪಗೌಡನನ್ನೂ ನೋಡಿದರು. ಗೌಡ ತಲೆಯ ಪಟಕಾ ಸರಿಮಾಡಿಕೊಂಡ. ಅವರು ತಿರುಗಿ ಒಳಗೆ ಹೋದರು.

"ದೇವರನ್ನ ಇದಕ್ಕೆ ತರೋದು ಬೇಡಮ್ಮ. ಸತ್ಯ ಹೇಳ್ತೀನಿ ಅಂತ ನಿಮ್ಮ ಮೇಲೆ ನೀವೇ ಹೇಳಿಕೊಳ್ಳಿ. ಸಾಕು."

"ದೇವರಿಲ್ದ ನಡೀತೈತೇನ್ರಿ?"

"ನಡೆಯುತ್ತೆ. ಕಾನೂನಿನಲ್ಲೇ ಇದೆ."

ಖರೇನ ಹೇಳ್ತೀನಿ ಎಂದು ಅವಳು ತನ್ನ ಮೇಲೆ ತಾನೇ ಹೇಳಿಕೊಂಡಳು. ಆಮೇಲೆ ಹುಲಿಗೆವ್ವ ಹೇಳತೊಡಗಿದಳು. ರೇಷನ್ ಕಾರ್ಡಿನ ಹೆಸರು ಓದಿದ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ. ಯಾರು ಎಳೆದರು, ಯಾರು ಕಟ್ಟಿಗೆ ತಂದರು, ಯಾರು ಕೈ ಮುರಿದರು. ಚನ್ನವೀರಪ್ಪನವರು ಎರಡು ತಾಸು ತಿರುಗಿಸಿ ಮುರುಗಿಸಿ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ಅಳುವೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ನನ್ನ ಕಡೆ ನೋಡದೆ ಮೆಟ್ಟಿಲಿಳಿದಳು.

ಹತ್ತು ದಿನದಲ್ಲಿ ನನ್ನನ್ನು ಪಡಸಾಲೆಯಿಂದ ತೆಗೆಯಬೇಕೆಂದು ನ್ಯಾಯಾಧೀಶೆ ಆದೇಶ ಮಾಡಿದರು. ವಕೀಲರು ಮೂರು ದಿನ ಕೋರ್ಟಿನೊಳಗೆ ಕಾಲಿಡಲಿಲ್ಲ. ಧರ್ಮಕ್ಕೆ ಅವಮಾನವೆಂದು ಹೊರಗೆ ಘೋಷಣೆ ಕೂಗಿದರು. ನನ್ನ ಎದುರಿಗೇ ಚನ್ನವೀರಪ್ಪನವರು ನ್ಯಾಯಾಧೀಶೆಗೆ, "ದೇವರಂದ್ರ ನಂಬಿಕಿ ಇಲ್ಲೇನ್ರಿ ಮೇಡಂ ನಿಮಗ?" ಎಂದರು.

"ನಮ್ಮನೇಲೂ ಗಣಪತಿ ಇದಾನೆ ವಕೀಲರೇ. ದಿನಾ ದೀಪ ಹಚ್ತೀನಿ. ಆದರೆ ಇಲ್ಲಿಗೆ ಬರೋರು ಒಳಗೆ ಬರೋ ಮುಂಚೆ ಇನ್ನೊಬ್ಬರ ಮುಂದೆ ಕೈ ಕಟ್ಟಿ ನಿಲ್ಲಬಾರದು."

ಪೂಜಾರಿ ಬಂದು ನನ್ನೊಳಗಿನ ದೇವರ ಕಳೆಯನ್ನು ಮಂತ್ರ ಹೇಳಿ ಕೊಡದ ನೀರಿಗೆ ಇಳಿಸಿ ಒಯ್ದ. ಇನ್ನು ಇದು ಬರೀ ಕಲ್ಲು ಎಂದ. ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಯಾವ ಗುಡಿಗೆ ಕೊಡಬೇಕೆಂಬುದು ಎರಡು ಗುಡಿಗಳವರ ಜಗಳದಲ್ಲಿ ತೀರ್ಮಾನವಾಗಲಿಲ್ಲ. ಅಲ್ಲಿಯವರೆಗೆ ಇರಲಿ ಎಂದು ಮುದ್ದೆಮಾಲು ಕೋಣೆಗೆ ಹಾಕಿದರು. ಕೇಸುಗಳಲ್ಲಿ ಜಪ್ತಿಯಾದ ವಸ್ತುಗಳನ್ನಿಡುವ ಕೋಣೆ ಅದು. ಎತ್ತುವಾಗ ಬಾಗಿಲಿಗೆ ತಾಗಿ ನನ್ನ ಎಡಗಿವಿಯ ತುದಿ ಹಾರಿತು. ಒಂದು ಕಡೆ ಚಕ್ರವಿಲ್ಲದ ಸೈಕಲ್ಲು, ಇನ್ನೊಂದು ಕಡೆ ಚೀಟಿ ಕಟ್ಟಿದ ಕೊಡಲಿಗಳ ಕಟ್ಟು. ಆರು ತಿಂಗಳಲ್ಲಿ ನ್ಯಾಯಾಧೀಶೆಗೆ ವರ್ಗವಾಯಿತು. ಹೊಸದಾಗಿ ಬಂದವರು ನನ್ನ ಫೈಲನ್ನು ಬಿಚ್ಚಲಿಲ್ಲ.

ಹುಸೇನಸಾಬ ಅಲ್ಲಿ ಕೂತು ರೊಟ್ಟಿ ತಿನ್ನುತ್ತ ಗುಮಾಸ್ತರೊಂದಿಗೆ ಮಾತಾಡುತ್ತಿದ್ದ. ಹುಲಿಗೆವ್ವನ ಸುದ್ದಿ ನನಗೆ ತಿಳಿದದ್ದು ಹಾಗೆ. ಸಾಕ್ಷಿ ಹೇಳಿದ ವಾರದಲ್ಲೇ ಮೊಮ್ಮಗನಿಗೆ ಜ್ವರ ಬಂತಂತೆ. ಆಣೆ ತಟ್ಟಿತೆಂದು ಊರೆಲ್ಲ ಆಡಿಕೊಂಡರಂತೆ. ಅವಳು ನಾಲ್ಕು ದಿನ ಆಸ್ಪತ್ರೆಯ ವರಾಂಡದಲ್ಲಿ ಅನ್ನ ನೀರು ಬಿಟ್ಟು ಕೂತಿದ್ದಳಂತೆ. ಜ್ವರ ಇಳಿಯಿತು. ಅವಳಿಗೆ ಹಸಿವು ಮಾತ್ರ ಬಹಳ ದಿನ ಬರಲಿಲ್ಲ. ಊರ ಗಿರಣಿಯವನು ಅವಳ ಜೋಳ ಬೀಸುವುದನ್ನು ನಿಲ್ಲಿಸಿದ; ಅವಳು ಹಿಟ್ಟಿಗೆ ಪಕ್ಕದ ಊರಿಗೆ ನಡೆದು ಹೋಗುತ್ತಾಳೆ.

ಒಂದೂವರೆ ವರ್ಷದ ಮೇಲೆ ತೀರ್ಪು ಬಂತು. ಇಬ್ಬರಿಗೆ ಶಿಕ್ಷೆ, ಒಬ್ಬನ ಬಿಡುಗಡೆ. ಶಿಕ್ಷೆಯಾದ ಇಬ್ಬರೂ ಮೇಲಿನ ಕೋರ್ಟಿಗೆ ಹೋಗಿ, ಜಾಮೀನು ಪಡೆದು ಊರಿಗೆ ಮರಳಿದರು.

ತೀರ್ಪಿನ ನಕಲು ಪಡೆಯಲು ಹುಲಿಗೆವ್ವ ಬಂದಳು. ಹೊತ್ತಾಗುತ್ತದೆ ಎಂದರು. ಬಿಸಿಲು ಬಹಳವಿತ್ತು. ಹುಸೇನಸಾಬ ಮುದ್ದೆಮಾಲು ಕೋಣೆಯ ಬಾಗಿಲು ತೆಗೆದು, "ನೆರಳಾಗ ಕುಂದ್ರು ಯವ್ವಾ, ಕರೀತೀನಿ" ಎಂದ.

ಅವಳು ಒಳಗೆ ಬಂದಳು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ನನ್ನನ್ನು ಗುರುತಿಸಿದಳು. ಬಹಳ ಹೊತ್ತು ನೋಡಿದಳು. ಕೈ ಮುಗಿಯಲಿಲ್ಲ, ಹಿಂದೆಯೂ ಸರಿಯಲಿಲ್ಲ.

"ನಿನಗೂ ತಾರೀಕು ಕೊಟ್ಟಾರೇನು?" ಎಂದಳು.

ನಗಲಿಲ್ಲ. ಎಷ್ಟೋ ಜನ ನನ್ನ ಮುಂದೆ ನಿಂತು ಬೇಡಿದ್ದಾರೆ, ಹರಕೆ ಹೊತ್ತಿದ್ದಾರೆ, ಹೆದರಿದ್ದಾರೆ. ಅವರಲ್ಲಿ ಯಾರಿಗೂ ನಾನು ಏನನ್ನೂ ಕೊಟ್ಟಿಲ್ಲ, ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ. ನನ್ನನ್ನು ಎಲ್ಲಿ ಕೂರಿಸಬೇಕು, ನನ್ನ ಪಾದದ ಮೇಲೆ ಯಾರ ಕೈ ಒತ್ತಬೇಕು ಎಂಬುದೆಲ್ಲ ಮನುಷ್ಯರದೇ ತೀರ್ಮಾನ.

ಹುಲಿಗೆವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಕೂರಲು ಬೇರೆ ಜಾಗವಿರಲಿಲ್ಲ. ನೆಲಕ್ಕೆ ಕೂತು, ಕಾಲು ಚಾಚಿ, ನನ್ನ ಪೀಠಕ್ಕೆ ಬೆನ್ನು ಆನಿಸಿ ಕಣ್ಣು ಮುಚ್ಚಿದಳು. ಅವಳ ಬೆನ್ನು ಬೆಚ್ಚಗಿತ್ತು. ಅಷ್ಟು ಮಾತ್ರ ನನಗೆ ಗೊತ್ತಾಯಿತು.